ಐವತ್ತು ಲಕ್ಸ್ ಬೆಳಕಿನಲ್ಲಿ ಇಳಕಲ್ ಸೀರೆ

ಕೊರೊನಾ ಮುಗಿದ ಮರುವರ್ಷ ನಾನು ನಾಗಪುರದ ಒಂದು ಮ್ಯೂಸಿಯಂನ ಜವಳಿ ವಿಭಾಗದಲ್ಲಿ ಕನ್ಸರ್ವೇಟರ್ ಆಗಿದ್ದೆ. ಹಳೆಯ ಬಟ್ಟೆಗಳು ಹಾಳಾಗದಂತೆ ಕಾಯುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿ. ಧಾರವಾಡದಿಂದ ಬಂದು ಇಪ್ಪತ್ತೇಳು ವರ್ಷ ಅಲ್ಲೇ ಸವೆದಿದ್ದ ನನಗೆ ಒಂದು ಜಂಬವಿತ್ತು: ಮ್ಯೂಸಿಯಂ ನೋಡುವುದಕ್ಕೂ ತಯಾರಿ ಬೇಕು, ಆ ತಯಾರಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂಬುದು. ಬಾಗಿಲಲ್ಲಿ ಹಂಚುವ ಕರಪತ್ರ ಬರೆದವನೂ ನಾನೇ. ವಾರದ ದಿನ ಬೆಳಿಗ್ಗೆ ಬನ್ನಿ, ಬೇಕಾದ ನಾಲ್ಕು ವಸ್ತು ಮೊದಲೇ ಆರಿಸಿಕೊಳ್ಳಿ, ನಡುವೆ ಕೂತು ದಣಿವಾರಿಸಿಕೊಳ್ಳಿ. ಜನ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಒಂದು ಭಾನುವಾರ, ಜನಜಂಗುಳಿಯ ನಡುವೆ, ನಾಗಪುರದ ಪಕ್ಕದ ಕಾಮಠಿಯ ಶಾಂತಾಬಾಯಿ ಎಂಬವರು ಮಗಳು ಮೇಘಾಳ ಕೈ ಹಿಡಿದುಕೊಂಡು ಬಂದರು. ವಯಸ್ಸು ಅರವತ್ತರ ಆಸುಪಾಸು. ಅವರ ಅಪ್ಪ ಇಳಕಲ್ಲಿನಿಂದ ಕಾಮಠಿಗೆ ಬಂದು ಕೈಮಗ್ಗ ಹಾಕಿದವರು. ಅವರು ಹೆಂಡತಿಗೆಂದೇ ನೇಯ್ದಿದ್ದ ಸೀರೆ ನಮ್ಮಲ್ಲಿತ್ತು. ತಾಯಿ ತೀರಿಕೊಂಡ ಮೇಲೆ ಅಣ್ಣ ಅದನ್ನು ತಂಗಿಗೆ ಒಂದು ಮಾತೂ ಹೇಳದೆ ಮ್ಯೂಸಿಯಂಗೆ ಕೊಟ್ಟುಬಿಟ್ಟಿದ್ದ. ಸೀರೆ ಇಲ್ಲಿದೆ ಎಂಬುದು ಶಾಂತಾಬಾಯಿಗೆ ಗೊತ್ತಾದದ್ದೇ ಆ ತಿಂಗಳು. ಅಷ್ಟರಲ್ಲಿ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರಿ ನೋಟ ಕುಗ್ಗಿಸುವ ಕಾಯಿಲೆ, ಅವರ ಬಲಗಣ್ಣನ್ನು ನುಂಗಿತ್ತು. ಎಡಗಣ್ಣಿನಲ್ಲಿ ಕಿಂಡಿಯಷ್ಟು ನೋಟ ಉಳಿದಿತ್ತು. ಅದು ಇರುವಾಗಲೇ ಅಪ್ಪ ನೇಯ್ದ ಸೆರಗನ್ನು ಒಮ್ಮೆ ನೋಡಬೇಕು. ಅವರು ಕೇಳಿದ್ದು ಇಷ್ಟೇ.

ಬೆಳಕು ಬಟ್ಟೆಯ ವೈರಿ. ಬಣ್ಣ ಮಾಸಿಸುತ್ತದೆ, ಎಳೆ ಸಡಿಲಿಸುತ್ತದೆ. ಅದಕ್ಕೇ ನಮ್ಮ ಗ್ಯಾಲರಿಯಲ್ಲಿ ಐವತ್ತು ಲಕ್ಸ್ ಮೀರುವಂತಿರಲಿಲ್ಲ. ಲಕ್ಸ್ ಎಂದರೆ ಬೆಳಕಿನ ಅಳತೆ. ಐವತ್ತು ಎಂದರೆ ಮುಸ್ಸಂಜೆಯ ಪಡಸಾಲೆಯಷ್ಟು ಮಬ್ಬು. ಶಾಂತಾಬಾಯಿ ಸೀರೆಯ ಮುಂದಿನ ಗಾಜಿಗೆ ಹಣೆ ಹಚ್ಚಿ ನಿಂತರು.

“ಏನೂ ಕಾಣವಲ್ದು ಸಾಹೇಬ್ರ. ಬರೇ ಕರ್ರಗ ಐತಿ. ಒಂಚೂರು ಬ್ಯಾಟರಿ ಬಿಡ್ರಿ.”

ಮೇಘಾ ಮೊಬೈಲಿನ ಟಾರ್ಚ್ ಹಚ್ಚಲು ಹೋದಳು. ನಾನು ಹೌಹಾರಿ ತಡೆದೆ. “ಇಲ್ಲಿ ಅದು ನಡಿಯಂಗಿಲ್ಲ ತಂಗಿ. ನಾ ಎಲ್ಲಾ ಬರೋಬರ್ ವ್ಯವಸ್ಥಾ ಮಾಡ್ತೀನಿ.”

ಪ್ರದರ್ಶನಕ್ಕಿಟ್ಟ ಬಟ್ಟೆಯನ್ನು ಕೆಲವು ತಿಂಗಳಾದ ಮೇಲೆ ಇಳಿಸಿ ಕತ್ತಲ ಕೋಣೆಯಲ್ಲಿ ವಿಶ್ರಾಂತಿಗೆ ಇಡುವುದು ನಮ್ಮ ಪದ್ಧತಿ. ಈ ಸೀರೆಯ ಸರದಿಗೆ ಐದು ವಾರವಿತ್ತು. ಈಗೊಮ್ಮೆ, ಆಗೊಮ್ಮೆ ಎಂದು ಎರಡು ಸಲ ಇಳಿಸಿದರೆ ಹಳೆಯ ಎಳೆಗಳಿಗೆ ಪೆಟ್ಟು. ಆದ್ದರಿಂದ ಇಳಿಸುವ ಮಂಗಳವಾರವೇ, ಬೆಳಿಗ್ಗೆ ಹತ್ತೂವರೆಗೆ, ಅಧ್ಯಯನ ಕೋಣೆಯ ಮೇಜಿನ ಮೇಲೆ ಹಾಸಿ, ಕೆಲವೇ ನಿಮಿಷ ಕಿಟಕಿಯ ಬೆಳಕಿನಲ್ಲಿ ತೋರಿಸುವುದೆಂದು ನಿಶ್ಚಯಿಸಿದೆ.

“ಐದು ವಾರ ತಡೀರಿ ಅಕ್ಕಾರ. ಕಣ್ತುಂಬ ನೋಡೀರಂತ.”

“ಜಲ್ದಿ ಆಗಂಗಿಲ್ಲೇನ್ರಿ ಸರ್? ಡಾಕ್ಟರ್ ಭರೋಸಾ ಕೊಟ್ಟಿಲ್ಲ,” ಎಂದಳು ಮೇಘಾ.

ನಾನು ಅವಳಿಗೆ ಎಳೆಗಳ ಬಗ್ಗೆ ಪಾಠ ಮಾಡಿದೆ. ಥೂ, ನನ್ನ ಬುದ್ಧಿಗಿಷ್ಟು! ಎರಡು ನಿಮಿಷ ಟಾರ್ಚ್ ಹಿಡಿದರೆ ಆ ಸೀರೆಗೆ ಏನೂ ಆಗುತ್ತಿರಲಿಲ್ಲ. ಅದು ಆಗಲೂ ನನಗೆ ಗೊತ್ತಿತ್ತು. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ತಾಯಿ ಮಗಳು ಹೊರಟುಹೋದರು.

ನಾನು ಹುರುಪಿನಿಂದ ಕೆಲಸಕ್ಕಿಳಿದೆ. ಅನುಮತಿ ಪತ್ರ ಬರೆಸಿದೆ. ಆಟೊ ಒಳಗಿನತನಕ ಬರಲೆಂದು ಪಕ್ಕದ ಗೇಟು ತೆರೆಸುವ ಏರ್ಪಾಟು ಮಾಡಿದೆ. ಬೆನ್ನಿಗೆ ಆಸರೆಯಿರುವ ಕುರ್ಚಿ ಹುಡುಕಿದೆ. ಕಿಟಕಿಯ ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಮೂರು ದಿನ ನಿಂತು ನೋಡಿದೆ.

ನಾಲ್ಕನೇ ವಾರ ಮೇಘಾಳ ಫೋನ್ ಬಂತು. ತಾಯಿಯನ್ನು ಅವಳು ಆಯೀ ಎನ್ನುತ್ತಿದ್ದಳು. “ಸರ್, ಪ್ರೆಶರ್ ಏಕದಮ್ ಏರ್ತು. ಆಯೀದು ಇನ್ನೊಂದು ಕಣ್ಣೂ ಹೋತ್ರಿ.”

ನನ್ನ ಬಾಯಿಂದ ಬಂದ ಮೊದಲ ಮಾತು, ಹಾಗಾದರೆ ಮಂಗಳವಾರದ್ದು ರದ್ದು ಮಾಡಲೇ ಎಂಬುದು. ಇವತ್ತಿಗೂ ಅದನ್ನು ನೆನೆದರೆ ಮೈಮೇಲೆ ಚೇಳು ಬಿಟ್ಟಂತಾಗುತ್ತದೆ. ಅವಳು, “ಆಯೀ ಬರ್ತೀನಿ ಅಂತಾಳ್ರಿ,” ಎಂದಳು.

ಬಂದರು. ಅಂದು ನನ್ನ ಏರ್ಪಾಟಿನಲ್ಲಿ ಒಂದೇ ಒಂದು ಲೋಪವಿರಲಿಲ್ಲ. ಗೇಟು ತೆರೆದಿತ್ತು, ಗದ್ದಲವಿರಲಿಲ್ಲ, ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೂಡಿಸಿದ ಒಂದೊಂದು ಕೊಂಡಿಯೂ ಎದ್ದು ಕಾಣುವಂಥ ಬೆಳಕು. ಶಾಂತಾಬಾಯಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿ ನಿಯಮ ಮುರಿದು, ಅವರ ಬರಿಗೈಯನ್ನು ಸೆರಗಿನ ಮೇಲೆ ಇಟ್ಟೆ. ಬೆರಳು ಅತ್ತಿತ್ತ ತಡವಿದವು. ಆಮೇಲೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಕೈಗೆ ಬರೇ ಬಟ್ಟಿ ಅನಸ್ತೈತ್ರಿ. ಬಣ್ಣ ಹ್ಯಾಂಗ ಐತಿ?”

“ಹಂಗ ಐತಿ ಅಕ್ಕಾರ. ಒಂಚೂರೂ ಮಾಸಿಲ್ಲ.”

“ಚಲೋ ಕಾಯ್ದೀರಿ,” ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ. ತುಸು ಹೊತ್ತಾದ ಮೇಲೆ ಕೇಳಿದರು: “ಯಾರ ಸಲುವಾಗಿ ಕಾಯ್ದ್ರಿ?”

ನಾನು ಸೆರಗಿನ ಅಂಚು ಸರಿಪಡಿಸತೊಡಗಿದೆ. ಮೇಘಾ ತಾಯಿಯನ್ನು ಎಬ್ಬಿಸಿಕೊಂಡು ಹೋದಳು. ಮಧ್ಯಾಹ್ನದೊಳಗೆ ಸೀರೆಯನ್ನು ಸುತ್ತಿ ಒಳಗೆ ಇಟ್ಟೆವು.

ನೋಡಬೇಕೆಂದು ಇವತ್ತು ಬಂದವರಿಗೆ ಇವತ್ತೇ ತೋರಿಸಬೇಕು. ವಸ್ತುವಿಗೆ ಇರುವಷ್ಟು ಕಾಲ ಮನುಷ್ಯರಿಗೆ ಇರುವುದಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ನಾನು ಕಲಿತೆ, ಅವರ ಕಣ್ಣು ಹೋಯಿತು.