ಕುರಿ ತೊಳೆಯುವ ಮಡು

ಪರಿಸರ ಮಾಲಿನ್ಯದ ಎಂ.ಎಸ್ಸಿ. ಓದಲು ನಾನು ಉದಗೀರದಲ್ಲಿದ್ದೆ. ಊರು ತುರೋರಿಯ ಹತ್ತಿರ. ಮನೆಯಲ್ಲಿ ಕುರಿ ಸಾಕಣೆ. ಪ್ರಬಂಧಕ್ಕೆ ನಮ್ಮೂರ ಹಳ್ಳವನ್ನೇ ಆರಿಸಿಕೊಂಡೆ. ಅದರ ದಂಡೆಗೊಂದು ಬೆಲ್ಲದ ಕಾರ್ಖಾನೆ. ಕೊಳೆ ನೀರೆಲ್ಲ ಹಳ್ಳಕ್ಕೇ. ಕಳ್ಳ ಯಾರೆಂದು ನನಗೆ ಮೊದಲೇ ಗೊತ್ತು, ಸಾಕ್ಷಿ ಕೂಡಿಸುವುದಷ್ಟೇ ಬಾಕಿ ಎಂಬ ಗತ್ತಿನಲ್ಲಿದ್ದೆ.

ಕ್ಯಾನುಗಳಲ್ಲಿ ನೀರು ತುಂಬಿಕೊಂಡು ಉದಗೀರಕ್ಕೆ ಹೋಗುವಾಗ ಉಮರ್ಗಾದಲ್ಲೊಂದು ಬಸ್ಸು, ನಿಲಂಗಾದಲ್ಲೊಂದು ಬಸ್ಸು ಬದಲಿಸುತ್ತಿದ್ದೆ. ಹಾಲೆಂದು ತಿಳಿದ ಕಂಡಕ್ಟರು ದೇವಣಿ ತಳಿಯ ಆಕಳದ್ದೇ ಎಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದ.

ಪ್ರಯೋಗ ಸರಳ. ಕಾರ್ಖಾನೆಯ ಕೆಳಗಿನ ನೀರು ಒಂದು ಗಾಜಿನ ತೊಟ್ಟಿಗೆ, ಹೋಲಿಸಲು ಕಾರ್ಖಾನೆಯ ಮೇಲ್ಗಡೆಯ ಶುದ್ಧ ನೀರು ಇನ್ನೊಂದಕ್ಕೆ. ಎರಡರಲ್ಲೂ ಸಣ್ಣ ಮೀನು ಬಿಟ್ಟು ನೋಡುವುದು. ಮಧ್ಯಾಹ್ನದ ಹೊತ್ತಿಗೆ ಒಂದು ತೊಟ್ಟಿಯ ಮೀನುಗಳೆಲ್ಲ ಸತ್ತಿದ್ದವು. ಸತ್ತದ್ದು ಶುದ್ಧ ನೀರಿನವು. ಕೊಳೆ ನೀರಿನವು ಏದುಸಿರು ಬಿಡುತ್ತ ಇನ್ನೂ ಬದುಕಿದ್ದವು.

ಕಾರಣ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಮೇಲಿನ ಮಡುವಿನಲ್ಲಿ ತೊಳೆಯುವುದು ನಮ್ಮವರ ಪದ್ಧತಿ. ಮೊದಲ ಉಣ್ಣೆ ನಮ್ಮ ದೇವರು ಬೀರಪ್ಪನಿಗೆ, ಅದು ಕೊಳಕಿರಬಾರದು. ಈಚೆಗೆ ಅಪ್ಪ ಉಣ್ಣಿ ಸಾಯಿಸುವ ಔಷಧವನ್ನೂ ಕುರಿಗಳ ಮೈಗೆ ಉಜ್ಜಿ ಅಲ್ಲೇ ಮುಳುಗಿಸುತ್ತಿದ್ದ. ಆ ಔಷಧ ಮೀನಿಗೆ ಎಂಥ ವಿಷವೆಂದು ನಾನೇ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ನಾನು ಶುದ್ಧವೆಂದು ತಂದದ್ದು ಆ ಮಡುವಿನ ನಿಂತ ನೀರನ್ನೇ; ಹಿಂದಿನ ದಿನವಷ್ಟೇ ಅಲ್ಲಿ ನಮ್ಮ ಕುರಿ ತೊಳೆದಿದ್ದರು.

ಗುರುಗಳಿಗೆ ಹೇಳಬೇಕಿತ್ತು. ಹಳ್ಳ ಕೆಡಿಸಿದವರಲ್ಲಿ ನನ್ನಪ್ಪನೂ ಒಬ್ಬನೆಂದು ಜೊತೆಗೆ ಓದುವ ಗೆಳತಿಯರ ಮುಂದೆ ಹೇಳಲು ಬಾಯಿ ಬರಲಿಲ್ಲ. ಆ ಫಲಿತಾಂಶ ಬರೆದಿಟ್ಟ ಪುಟ ಹರಿದೆ. ಮುಂದಿನ ವಾರ ಕುರಿ ಕಾಲಿಡದ ಜಾಗದಿಂದ ನೀರು ತಂದೆ. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಅಪ್ಪನ ಮಾನ ಉಳಿಸಿದೆ ಅಂದುಕೊಂಡೆ. ಉಳಿಸಿಕೊಂಡದ್ದು ನನ್ನದು. ಅಪ್ಪನಿಗೂ ಹೇಳಲಿಲ್ಲ. ಮುಂದಿನ ಎರಡು ವರ್ಷ ಅದೇ ಮಡು, ಅದೇ ಔಷಧ. ರಜೆಗೆ ಬಂದಾಗ ನಾನೂ ದುಪಟ್ಟಾ ಬಿಗಿದು ಕುರಿ ಹಿಡಿದುಕೊಟ್ಟಿದ್ದೇನೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಕಾರ್ಖಾನೆಯ ಮೇಲೆ ದೂರು ಕೊಡಲು ಊರವರು ಚಾವಡಿಯಲ್ಲಿ ಸೇರಿದರು. ಅಪ್ಪ ನನ್ನ ಪ್ರಬಂಧವನ್ನು ಹೊಸ ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಅದನ್ನು ತಲೆಗೆ ಮುಟ್ಟಿಸಿಕೊಂಡದ್ದು ಕಂಡು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವತ್ತ ಹೇಳಿದ್ರ ಅವತ್ತೇ ಬಿಡ್ತಿದ್ದೆ," ಅಂದ. "ನನಗ ಗೊತ್ತಿದ್ದಿಲ್ಲವ್ವ. ನಿನಗ ಗೊತ್ತಿತ್ತಲ್ಲ."

ಪ್ರಬಂಧ ಮನೆಯಲ್ಲಿಟ್ಟು ಚಾವಡಿಗೆ ನಡೆದ. ನಾನು ಹಿಂದಿನಿಂದ ಹೋದೆ. ಕಾರ್ಖಾನೆಯ ಮಾತು ಮುಗಿದ ಮೇಲೆ ಅಪ್ಪ ಎದ್ದು ನಿಂತ. ಮೇಲಿನ ಮಡುವಿನ ಮೀನು ಸಾಯಿಸಿದವನು ತಾನೇ, ಇನ್ನು ಮುಂದೆ ಯಾರೂ ಔಷಧ ಹಚ್ಚಿದ ಕುರಿ ಹಳ್ಳಕ್ಕೆ ಇಳಿಸಬಾರದು ಎಂದ. ನಿನಗೆ ಇದನ್ನು ಯಾರು ಹೇಳಿದರೆಂದು ಒಬ್ಬರು ಕೇಳಿದರು.

"ನನ್ನ ಮಗಳು ಕಂಡ ಹಿಡಿದಾಳ್ರೀ," ಅಂದ.

ಯಾವಾಗ ಎಂದು ಹೇಳಲಿಲ್ಲ. ಇಡೀ ಚಾವಡಿ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು.