ದೀಪಕ್ಕೆ ಮುಂಚೆ ತೆಗೆದಿಟ್ಟ ಪಾಲು

ಕರ್ತನನ್ನು ನಂಬಿ ನಡೆಯುವ ನಿಮಗೆಲ್ಲ ಬೋಡಿನಾಯಕನೂರಿನ ನಿಮ್ಮ ತಂಗಿಯ ವಂದನೆ. ಈ ಸಲ ಪೊಂಗಲ್ ಮುಗಿಯುತ್ತಿದ್ದಂತೆ ಆಂಡಿಪಟ್ಟಿಯ ನನ್ನ ಅವ್ವ ಹಾಸಿಗೆ ಹಿಡಿದಳು. ಜ್ವರವೇನೋ ಇಳಿಯಿತು. ಆದರೆ ತೇನಿಯ ಆಸ್ಪತ್ರೆಯಲ್ಲಿ ಯಾರು ಚಮಚ ಹಿಡಿದರೂ ಬಾಯಿ ತೆರೆಯಲಿಲ್ಲ. ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

ನನ್ನ ಶಿಸ್ತು ನಿಮಗೆ ಗೊತ್ತೇ ಇದೆ. ದೀಕ್ಷಾಸ್ನಾನವಾದಂದಿನಿಂದ ಬಿಳಿ ಸೀರೆ, ಬರಿ ಕಿವಿ, ಬರಿ ಕೊರಳು. ವಿಗ್ರಹಕ್ಕೆ ಎಡೆ ಇಟ್ಟ ಅನ್ನ ಮುಟ್ಟುವವಳಲ್ಲ. ತವರಿಗೂ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದೆ. "ಉಂಡ್ಯಾ ತಾಯಿ?" ಎಂದು ಅವ್ವ ಬಾಯಿ ತೆರೆದರೆ ಸಾಕು, ಚೀಲ ಬಿಚ್ಚಿ ಬುತ್ತಿ ತೋರಿಸುತ್ತಿದ್ದೆ. ಆ ದನಿ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ, ಏಲಕ್ಕಿ ಆರಿಸುವಾಗ, ಪ್ರಾರ್ಥನೆಯ ನಡುವೆ, ಬೆನ್ನ ಹಿಂದೆಯೇ ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ನಾನು ಉಪವಾಸ ಹಿಡಿದೆ. ಮಂಚದ ಪಕ್ಕ ಮೊಣಕಾಲೂರಿ, ಇವಳು ಒಂದು ತುತ್ತು ನುಂಗಲಿ ಕರ್ತನೇ ಎಂದು ಬೇಡಿದೆ. ಅವ್ವ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ನನಗೆ ಭಯವಾಯಿತು.

ಗಂಜಿ ತಂದ ಅತ್ತಿಗೆಗೆ, ಅಂದರೆ ನಮ್ಮಣ್ಣನ ಹೆಂಡತಿಗೆ, ನನ್ನನ್ನು ಕಂಡು ರೇಗಿಹೋಯಿತು.

"ನೀ ಉಪಾಸ ಕೂತ್ರೆ ಅತ್ತೆ ಎಂಗೆ ಉಂಬ್ತಾರೆ? ಪೊಂಗಲ್ ಬಂದಾಗೆಲ್ಲ, ಸಾಮಿಗೆ ದೀಪ ಅಚ್ಚೋಕೆ ಮುಂಚೆ ನಿನ್ ಪಾಲ ತೆಗ್ದು ಮುಚ್ಚಿಡ್ತಾರೆ. ಎಡೆಗೆ ಮುಂಚೆ ತೆಗೀಬಾರ್ದು, ತಪ್ಪು ಅಂತ ನಾ ಸಂಡೆ ಹಾಕ್ದೆ, ಜಗ್ಳಾನೇ ಆಡ್ದೆ. 'ಅವ್ಳ ಸಾಮಿ ಒಪ್ಪಬೇಕಲ್ಲ, ನಮ್ ಸಾಮಿನ ನಾ ಸಮಾಳಿಸ್ಕತ್ತೀನಿ' ಅಂದ್ರು. ನೀ ತಿರುಗಿ ನೋಡ್ದ್ಯಾ? ಸಂಜಿಗೆ ಅದು ಹಸೂಗೆ."

ನನ್ನ ಕರ್ತನ ಹೆಸರನ್ನೂ ಸರಿಯಾಗಿ ಹೇಳಲು ಬಾರದ ಅವ್ವ, ನನ್ನ ನಿಯಮ ಉಳಿಸಲು ತನ್ನ ನಿಯಮ ಮುರಿದಿದ್ದಳು. ನಾನು ಕಾಪಾಡಿಕೊಂಡದ್ದು ಬರೀ ನನ್ನ ಬಾಯಿಯ ಮಡಿಯನ್ನು.

ಯಾವ ಗಂಜಿ, ಯಾರ ಮನೆಯದು ಎಂದು ಕೇಳಲಿಲ್ಲ. ಉಪವಾಸ ಮುರಿದು ನಾನೇ ಮೊದಲು ಕುಡಿದೆ. ಅಳುತ್ತಲೇ ಕುಡಿದೆ. ಅವ್ವನ ತುಟಿ ಅಲುಗಿತು. ಚಮಚ ಹಿಡಿದೆ. ನುಂಗಿದಳು. ಮತ್ತೊಂದಕ್ಕೂ ಬಾಯಿ ತೆರೆದಳು.

"ಉಪ್ಪು ಕಮ್ಮಿ," ಎಂದಳು.

ಕರ್ತನಿಗೆ ಸ್ತೋತ್ರ. ಬೇಡಿದ ತುತ್ತನ್ನು ಅವನು ಕೊಟ್ಟ, ನನ್ನ ಉಪವಾಸದ ಬಲದಿಂದಲ್ಲ, ಅದನ್ನು ಮುರಿಸಿ. ಅವ್ವ ಈಗ ಆಂಡಿಪಟ್ಟಿಯಲ್ಲಿದ್ದಾಳೆ. ಬಿಳಿ ಸೀರೆ ಇನ್ನೂ ಉಡುತ್ತೇನೆ, ಹೆದರಿಕೆಯಿಂದಲ್ಲ. ಆ ದನಿ ಮಾತ್ರ ಈಗಲೂ ಬರುತ್ತದೆ, ಉಂಡ್ಯಾ ತಾಯಿ ಎಂದು. ಅದು ಅವ್ವನದೋ ಕರ್ತನದೋ, ನನಗೆ ತಿಳಿಯದು. ಕೇಳಿಸಿದ ದಿನ ಬುತ್ತಿ ಕಟ್ಟದೆ ಆಂಡಿಪಟ್ಟಿಯ ಬಸ್ಸು ಹತ್ತುತ್ತೇನೆ.