ಗಂಗಕ್ಕನ ‘ಚಲೋ’ ಮತ್ತು ನನ್ನ ಫ್ಲಾಶು

ಸಂಜೆಯಾಯಿತೆಂದರೆ ನಮ್ಮ ಮನೆಯಲ್ಲಿ ಯುದ್ಧ ಶುರು. ನನ್ನ ಹೆಂಡತಿ ಸೊಳ್ಳೆ ಬ್ಯಾಟು ಹಿಡಿದು ಕೋಣೆಯಿಂದ ಕೋಣೆಗೆ ದಂಡೆತ್ತಿ ಹೋಗುತ್ತಾಳೆ. ನಾನು ಕುರ್ಚಿಯ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು, ಅಲ್ಲಿದೆ ಇಲ್ಲಿದೆ ಎಂದು ಸಲಹೆ ಕೊಡುತ್ತೇನೆ. ಮೊನ್ನೆ ಹಳೆಯ ಬ್ಯಾಟು ಕೆಟ್ಟು ಹೊಸದು ಬಂತು. ಅವಳು ಗುಂಡಿ ಒತ್ತಿದಳು. ಸಣ್ಣ ದೀಪವೊಂದು ಕೆಂಪಗೆ ಹತ್ತಿತು, ಜೊತೆಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ‘ಕುಂಯ್’ ಎಂಬ ಸದ್ದು ಮೇಲೇರಿತು.

“ಇನ್ನೊಂದು ಸಲ ಒತ್ತು” ಎಂದೆ.

“ಇಲ್ಲಿ ಸೊಳ್ಳೆ ಇಲ್ಲವಲ್ರೀ.”

“ಸೊಳ್ಳೆಗಲ್ಲ, ನನಗೆ.”

ವಯಸ್ಸಾದ ಗಂಡಸರನ್ನು ಹೆಂಡತಿಯರು ನೋಡುವ ಒಂದು ನೋಟವಿದೆ. ಅನುಭವವಿದ್ದವರಿಗೆ ವಿವರಿಸಬೇಕಾಗಿಲ್ಲ. ಆದರೂ ಪಾಪ, ಒತ್ತಿದಳು. ಕುಂಯ್ ಅಂತ ಅದೇ ಸದ್ದು. ನಾನು ಎದ್ದು ಹೋಗಿ ಬೀರುವಿನ ಕೆಳಗಿನ ಖಾನೆಯಿಂದ ಹಳೇ ಫ್ಲಾಶನ್ನು ಹೊರಗೆ ತೆಗೆದೆ.

ಈಗಿನವರಿಗೆ ಫ್ಲಾಶೆಂದರೆ ಫೋನಿನ ಬೆನ್ನಿನ ಮೇಲಿನ ಒಂದು ಚುಕ್ಕೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಆಗ ಅದು ಕ್ಯಾಮೆರಾದ ತಲೆಯ ಮೇಲೆ ಬೇರೆಯೇ ಕೂರಿಸಬೇಕಾದ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಸಾಮಾನು. ಆಗ ನಾನು ನಾಗಪುರದಲ್ಲಿದ್ದೆ, ಮೈಸೂರಿನಿಂದ ವರ್ಗವಾಗಿ ಬಂದ ಬ್ರಹ್ಮಚಾರಿ ಗುಮಾಸ್ತ. ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೆಯ ಕ್ಯಾಮೆರಾವೊಂದನ್ನು ಸದಾ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗುತ್ತಿದ್ದೆ. ಫ್ಲಾಶಿರಲಿಲ್ಲವಾದ್ದರಿಂದ ಹೊತ್ತು ಮುಳುಗಿದ ಮೇಲೆ ಅದು ಬರೀ ತಾಯಿತ. ಆದರೂ ಕಳಚುತ್ತಿರಲಿಲ್ಲ. ಕಳಚಿದರೆ ನಾನೊಬ್ಬ ಕಲಾವಿದನೆಂದು ಜನಕ್ಕೆ ತಿಳಿಯುವುದು ಹೇಗೆ, ನೀವೇ ಹೇಳಿ.

ನನ್ನನ್ನು ಕಲಾವಿದನೆಂದು ನಿಜವಾಗಿ ನಂಬಿದವರು ಒಬ್ಬರೇ, ಪಕ್ಕದ ಮನೆಯ ಗಂಗಕ್ಕ. ಹುಬ್ಬಳ್ಳಿಯ ಕಡೆಯವರು. ಅವರ ಯಜಮಾನರು ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಾತಾಡುವ ಇಲಾಖೆಯನ್ನು ಪೂರ್ತಿ ಹೆಂಡತಿಗೇ ವಹಿಸಿಕೊಟ್ಟಿದ್ದವರು. ನಾಗಪುರದ ಬೇಸಿಗೆಗೆ ನಾನು ಒಣಗಿದ್ದನ್ನು ನೋಡಿ ಗಂಗಕ್ಕ ಒಂದು ದಿನ ಬಾಗಿಲಲ್ಲೇ ತಡೆದು, “ತಮ್ಮಾ, ಮಾರಿ ಬಾಡೇತಿ. ಒಳಗ ಬಾ, ಬಿಸಿ ರೊಟ್ಟಿ ಐತಿ” ಎಂದರು. ಅಂದು ಒಳಗೆ ಹೋದವನು ನನ್ನ ಮದುವೆಯಾಗುವವರೆಗೂ ಆ ಮನೆಯ ಊಟದ ಪಂಕ್ತಿಯಿಂದ ಏಳಲಿಲ್ಲ.

ಗಂಗಕ್ಕ ಹಿಂದಿ, ಮರಾಠಿ ಎರಡನ್ನೂ ನೀರು ಕುಡಿದಂತೆ ಆಡುತ್ತಿದ್ದರು. ಖುಷಿಯಾದಾಗ ಮಾತ್ರ ಬಾಯಿಗೆ ಹುಬ್ಬಳ್ಳಿ ಬಂದುಬಿಡುತ್ತಿತ್ತು. ರೊಟ್ಟಿ ಉಬ್ಬಿದರೆ ಚಲೋ, ಕೂಲರಿನ ಗಾಳಿ ತಂಪಾಗಿ ಬಂದರೆ ಚಲೋ. ನಾವು ಮೈಸೂರಿನವರು ‘ಚೆನ್ನಾಗಿದೆ’ ಅನ್ನುವ ಕಡೆಯೆಲ್ಲ ಅವರದು ‘ಚಲೋ’. ಹೊಸ್ತಿಲು ದಾಟಿ ಬೀದಿಗಿಳಿದರೆ ಅದೇ ಮಾತಿಗೆ ಹಿಂದಿಯಲ್ಲಿ ‘ನಡೀರಿ, ಹೋಗೋಣ’ ಎಂದರ್ಥ. ಈ ಎರಡು ಅರ್ಥಗಳ ನಡುವೆ ನನ್ನ ಬದುಕಿನ ಅತ್ಯುತ್ತಮ ಫೋಟೋ ಸಿಕ್ಕಿಕೊಂಡಿತ್ತು ಅಂದರೆ ನೀವು ನಗಬಾರದು.

ಅವರ ಮಗಳು ಸುನಂದಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಳಿಯ ಬಸವರಾಜ ವಾಯುಪಡೆಯಲ್ಲಿ, ದೂರದ ಗಡಿಯ ಕಡೆ. ಹೆಣ್ಣುಕೂಸು ಹುಟ್ಟಿತು, ಹೆಸರಿಡುವ ದಿನ ಗೊತ್ತಾಯಿತು, ಅಷ್ಟರಲ್ಲಿ ಅವನ ರಜೆ ರದ್ದಾಯಿತು. ಸುನಂದಾ ಎರಡು ದಿನ ಕೋಣೆಯಿಂದ ಹೊರಗೇ ಬರಲಿಲ್ಲ. ಗಂಗಕ್ಕ ನನ್ನನ್ನು ಕರೆದರು.

“ತಮ್ಮಾ, ಅಂವ ಇನ್ನೂ ಕೂಸಿನ ಮಾರಿ ನೋಡಿಲ್ಲ. ತೊಟ್ಟಿಲದಾಗ ಹಾಕೂದು ಅಂವಗ ಕಣ್ಣಾರೆ ಕಂಡಂಗ ಆಗಬೇಕು. ಹಂಗ ಫೋಟೋ ತಗೀಬೇಕು ನೀ.”

ನನ್ನಲ್ಲೋ ಫ್ಲಾಶೇ ಇಲ್ಲ. ಕಾರ್ಯಕ್ರಮ ಸಂಜೆ, ಅದೂ ಮನೆಯೊಳಗೆ. ಸ್ಟುಡಿಯೋದವರನ್ನು ಕರೆಸಿ ಅಕ್ಕಾ ಎಂದೆ. “ಸ್ಟುಡಿಯೋದಂವ ಮಂದಿ ಕೂಸು ಅಂತ ತಗೀತಾನ. ನೀ ನಮ್ಮ ಕೂಸು ಅಂತ ತಗೀತಿ” ಎಂದರು. ಮರುದಿನ ಇಬ್ಬರೂ ಫ್ಲಾಶು ಆರಿಸಲು ಬರ್ಡಿಯ ಪೇಟೆಗೆ ಹೊರಟೆವು.

ಅಂಗಡಿಯ ಮಾಲೀಕ ಮೂರು ಫ್ಲಾಶು ತೋರಿಸಿದ. ಮೊದಲನೆಯದು ನನ್ನ ಕ್ಯಾಮೆರಾದ ಸ್ವಂತ ಕಂಪನಿಯದು, ಗಾಜಿನೊಳಗೆ ಮಖಮಲ್ಲಿನ ಮೇಲೆ ಕೂತಿತ್ತು. ಅದರ ಬೆಲೆ ಕೇಳಿದವನೇ ಗಾಜಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಎರಡನೆಯದು ಚಿಕ್ಕದು, ಅಗ್ಗದ್ದು, ಮುಖಕ್ಕೆ ನೇರ ಬೆಳಕು ರಾಚುವ ಜಾತಿ. ಅದರ ಮುಂದೆ ಎಂಥ ಚೆಲುವೆಯೂ ಸುಣ್ಣ ಬಳಿದ ಗೋಡೆ. ಮೂರನೆಯದು ಬೇರೆ ಯಾವುದೋ ಕಂಪನಿಯದು. ಅದಕ್ಕೆ ಕುತ್ತಿಗೆಯಿತ್ತು. ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ಚಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯುತ್ತದೆ ಎಂದು ನಾನು ವಿವರಿಸಿದೆ.

“ಅಂದ್ರ ಕೂಸಿನ ಕಣ್ಣಿಗೆ ಬಡಿಯೂದಿಲ್ಲ, ಹೌದಿಲ್ಲೋ?” ಗಂಗಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಚಿಂತೆ ಬೇರೆ. ಬೇರೆ ಕಂಪನಿಯ ಫ್ಲಾಶು ನನ್ನ ಕ್ಯಾಮೆರಾದೊಂದಿಗೆ ಸಂಸಾರ ಮಾಡೀತೇ? ಮಾಲೀಕ ಕ್ಯಾಮೆರಾದ ತಲೆಯ ಮೇಲೆ ಫ್ಲಾಶು ಕೂರುವ ಲೋಹದ ಪಟ್ಟಿ ತೋರಿಸಿ, “ಹಾಟ್ ಶೂ ಪೇ ಬರಾಬರ್ ಬೈಠೇಗಾ ಸಾಬ್” ಎಂದ. ಗಂಗಕ್ಕ ನನ್ನ ಕಿವಿಯಲ್ಲಿ, “ಶೂ ಅಂದ್ರ ಬೂಟಲ್ಲೇನು? ತಲೀ ಮ್ಯಾಲೆ ಬೂಟು ಯಾಕ?” ಎಂದು ಕೇಳಿದರು. ಫ್ಲಾಶು ಟಕ್ಕೆಂದು ಕೂತಿತು. ಕುಂಯ್ ಎಂದು ಸದ್ದೇರಿತು, ಬೆನ್ನಿನ ಕಿತ್ತಳೆ ದೀಪ ಹತ್ತಿತು, ಒತ್ತಿದರೆ ಅಂಗಡಿಯ ಚಾವಣಿಯೆಲ್ಲ ಬೆಳ್ಳಗಾಯಿತು. “ಬ್ಯಾರೆ ಮನೀದಾದ್ರೇನು, ಕೂತ ಮ್ಯಾಲೆ ನಮ್ದ” ಎಂದರು ಗಂಗಕ್ಕ. ಆ ಮಾತು ನನಗೂ ಹೊಂದುತ್ತದೆ ಎಂದು ಆಗ ಹೊಳೆಯಲಿಲ್ಲ.

ಬೆಲೆ ಮಾತ್ರ ಇನ್ನೂ ನನ್ನ ಅಳವಿಗೆ ಮೀರಿಯೇ ಇತ್ತು. ನಾನು ಬೆವರೊರೆಸಿಕೊಳ್ಳುತ್ತಾ ನಿಂತಿದ್ದೆ. ಗಂಗಕ್ಕನಿಗೆ ಅದರ ಪರಿವೆಯಿಲ್ಲ. ಸೆರಗು ಸರಿಮಾಡಿಕೊಂಡು, ಅದನ್ನು ಬಿಸಿಲಿಗೆ ಹಿಡಿದು ನೋಡೋಣವೆಂದು ಬಾಗಿಲ ಕಡೆ ತಿರುಗಿ, ಸಂತೋಷದಿಂದ “ಚಲೋ! ಚಲೋ!” ಎಂದರು. ಮಾಲೀಕ ಕಂಗಾಲಾದ. “ಅರೆ ಬಹನ್‌ಜೀ, ಬೈಠಿಯೇ ತೋ! ಕಮ್ ಕರ್ ದೇತೇ ಹೈಂ!” ಎಂದು ಬೆಲೆ ಇಳಿಸಿದ. ಇಳಿದದ್ದು ಕೇಳಿ ಅವರು ಮತ್ತಷ್ಟು ಹಿಗ್ಗಿ, “ಚಲೋ ಆತು!” ಎಂದರು. ಅವನು ಇನ್ನೂ ಇಳಿಸಿದ. ಎರಡೂ ಭಾಷೆ ಬಲ್ಲ ನಾನು ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸಿಕೊಟ್ಟೆ.

ಹೆಸರಿಡುವ ಸಂಜೆ ಆ ಚಿಕ್ಕ ಕೋಣೆಯಲ್ಲಿ ತೊಟ್ಟಿಲು, ಅದರ ಸುತ್ತ ಚಾಪೆಯ ಮೇಲೆ ಅಕ್ಕಪಕ್ಕದ ಮರಾಠಿ ಹೆಂಗಸರು. ಸೋದರತ್ತೆ ಊರಿನಿಂದ ಬರಲಾಗದೆ ಹಿಂದಿನ ಮನೆಯ ಮಾವಶಿಯೇ, ಅಂದರೆ ಮರಾಠಿ ಚಿಕ್ಕಮ್ಮನೇ, ಅತ್ತೆಯ ಸ್ಥಾನದಲ್ಲಿ ನಿಂತು ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು, ಉಳಿದವರು ಪದ್ಧತಿಯಂತೆ ಅವರ ಬೆನ್ನಿಗೆ ಗುದ್ದಿದರು. ನಾನು ಫೋಟೋ ತೆಗೆದೇ ತೆಗೆದೆ. ಆದರೆ ನಮ್ಮ ಫ್ಲಾಶಿಗೆ ಒಂದು ಗುಣವಿತ್ತು: ಒಮ್ಮೆ ಮಿಂಚಿತೆಂದರೆ ಮತ್ತೆ ದೀಪ ಹತ್ತುವವರೆಗೆ ಪೂರ್ತಿ ವಿಶ್ರಾಂತಿ ಕೇಳುತ್ತಿತ್ತು. ಅಲ್ಲಿಯವರೆಗೆ ಎಲ್ಲರೂ ತುಟಿಯ ಮೇಲೆ ನಗು ಹಿಡಿದುಕೊಂಡು ಕಾಯಬೇಕು. ಕಾದ ನಗು ಹಳಸುತ್ತದೆ. ಸುನಂದಾಳ ನಗುವಂತೂ ಹುಟ್ಟಲೇ ಇಲ್ಲ.

ರೋಲಿನಲ್ಲಿ ಒಂದೇ ಫ್ರೇಮು ಉಳಿಯಿತು. ತೊಟ್ಟಿಲ ಸುತ್ತ ಎಲ್ಲರೂ ಕೂತ ಚಿತ್ರ, ಅಳಿಯನಿಗೆ ಮುಖ್ಯವಾಗಿ ಕಳಿಸಬೇಕಾದದ್ದು ಅದೇ. ಎಲ್ಲರೂ ಚಿತ್ರದೊಳಗೆ ಹಿಡಿಸಲೆಂದು ನಾನು ಹೊರಬಾಗಿಲ ಹೊಸ್ತಿಲಿನ ಮೇಲೆ ನಿಂತೆ. ಕುಂಯ್ ಎನ್ನುತ್ತಿತ್ತು, ದೀಪ ಹತ್ತಿರಲಿಲ್ಲ. ಮಗಳನ್ನೂ ಮೊಮ್ಮಗಳನ್ನೂ ಸುತ್ತ ನೆರೆದ ಊರಲ್ಲದ ಊರಿನ ಬಂಧುಗಳನ್ನೂ ಒಮ್ಮೆ ನೋಡಿದ ಗಂಗಕ್ಕನ ಎದೆ ತುಂಬಿ ಬಂತು.

“ಚಲೋ! ಚಲೋ!”

ಊಟಕ್ಕೆ ಕರೆದರೆಂದು ಚಾಪೆಗೆ ಚಾಪೆಯೇ ಎದ್ದಿತು. ಮಾವಶಿ ಒಂದು ಕೈ ನೆಲಕ್ಕೂರಿ ಅರ್ಧ ಎದ್ದಿದ್ದರು, ಒಬ್ಬಾಕೆಯ ಸೆರಗು ಇನ್ನೊಬ್ಬಾಕೆಯ ಕಾಲಡಿ. ಗಲಿಬಿಲಿ ನೋಡಿ ಸುನಂದಾ ಕಿಲಕಿಲ ನಗುತ್ತ, ಕೂಸನ್ನೆತ್ತಿಕೊಂಡು ತಾನೂ ಎದ್ದಳು. ಆ ಕ್ಷಣಕ್ಕೆ ದೀಪ ಹತ್ತಿತು, ಗಾಬರಿಯಲ್ಲಿ ನನ್ನ ಬೆರಳು ಒತ್ತಿಬಿಟ್ಟಿತು.

ರೋಲು ತೊಳೆಸಿ ಬಂದ ಮೇಲೆ ಆ ಒಂದನ್ನು ಕಳಿಸುವುದು ಬೇಡ ಎಂದು ಹಟ ಹಿಡಿದೆ. ಬೆಳಕು ಹಾಲಿನ ಹಾಗೆ ಬಿದ್ದಿತ್ತು, ನಿಜ; ಆದರೆ ಒಬ್ಬರೂ ನೆಟ್ಟಗೆ ನಿಂತಿರಲಿಲ್ಲ. ಸುನಂದಾ ಕೇಳಲಿಲ್ಲ, ಎಲ್ಲದರ ಜೊತೆ ಅದನ್ನೂ ಕಳಿಸಿದಳು.

ತಿಂಗಳುಗಳು ಕಳೆದ ಮೇಲೆ ಬಸವರಾಜ ರಜೆಗೆ ಬಂದ. ಕೂಸನ್ನು ತೋಳಿನಿಂದ ಇಳಿಸದೆಯೇ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದು ನನಗೆ ತೋರಿಸಿದ. ಅಂಚು ಸವೆದಿತ್ತು. ಅದೇ ಫೋಟೋ. ನಾನು ನಾಚಿಕೊಂಡು, ಅದು ಕೆಟ್ಟುಹೋಯಿತು ಎಂದೆ.

“ಕೆಟ್ಟೇತಿ? ಏನಂತೀರಿ ಅಣ್ಣಾರ!” ಎಂದ. “ಉಳಿದ ಫೋಟೋದಾಗ ಎಲ್ಲಾರೂ ನಾ ಇಲ್ಲ ಅಂತ ಸುಮ್ಮನ ಕುಂತಾರ. ಇದರಾಗ ನೋಡ್ರಿ, ನಾ ಬಾಗಲದಾಗ ಬಂದು ನಿಂತೀನಿ, ನನ್ನ ನೋಡಿ ಎಲ್ಲಾರೂ ಎದ್ದಾರ. ಈಕಿನೂ ನಗಾಕತ್ತಾಳ. ದಿನಾ ಡ್ಯೂಟಿ ಮುಗಿಸಿ ಇದನ್ನ ನೋಡ್ತಿದ್ದೆ. ದಿನಾ ಮನೀಗೆ ಬಂದಂಗ ಆಗ್ತಿತ್ತು.”

ಗಂಗಕ್ಕ ಒಳಗಿನಿಂದ ರೊಟ್ಟಿ ತಂದು ಇಬ್ಬರಿಗೂ ಬಡಿಸಿದರು.

ಗಂಗಕ್ಕ ಈಗಿಲ್ಲ. ನನ್ನಲ್ಲಿ ಕಲೆ ಎಷ್ಟಿತ್ತೋ ದೇವರೇ ಬಲ್ಲ. ಆದರೆ ಬೇರೆ ಮನೆಯ ಹುಡುಗನೊಬ್ಬನನ್ನು ತಮ್ಮ ಮನೆಯಲ್ಲಿ ಟಕ್ಕೆಂದು ಕೂರಿಸಿಕೊಂಡರಲ್ಲ, ಆ ಋಣ ಇವತ್ತಿಗೂ ತೀರಿಲ್ಲ. ಮೊನ್ನೆ ಬ್ಯಾಟು ಬಂದ ಆ ಸಂಜೆ ಫ್ಲಾಶಿನ ಮುಚ್ಚಳ ತೆಗೆದೆ. ಸೆಲ್ಲು ಸೋರಿ ಒಳಗೆಲ್ಲ ಹಸಿರುಗಟ್ಟಿತ್ತು. ಕೆರೆದು, ಒರೆಸಿ, ಹೊಸ ಸೆಲ್ಲು ಹಾಕಿ ಕಿವಿಗೆ ಹಿಡಿದೆ. ಸದ್ದಿಲ್ಲ. ದೀಪವೂ ಹತ್ತಲಿಲ್ಲ.

ಸೊಳ್ಳೆಗಳನ್ನು ಮುಗಿಸಿ, ಕಾಫಿ ಲೋಟ ಹಿಡಿದುಕೊಂಡು ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಇಷ್ಟು ವರ್ಷ ಅವಳು ಬಂದಾಗಲೆಲ್ಲ ನಾನು ಕೂತಲ್ಲಿಂದಲೇ ಕೈ ಚಾಚಿದವನು. ಫ್ಲಾಶನ್ನು ಮೇಜಿನ ಮೇಲಿಟ್ಟು ಎದ್ದು ನಿಂತೆ.

“ಈ ಹೊತ್ತಲ್ಲಿ ಎಲ್ಲಿಗೆ ಹೊರಟ್ರಿ?” ಎಂದಳು.

“ಎಲ್ಲಿಗೂ ಇಲ್ಲ ಮಾರಾಯ್ತಿ. ನೀನು ಬಂದೆಯಲ್ಲ, ಅದಕ್ಕೇ ಎದ್ದೆ.”